ಲಿಂಕ್ಡ್‌ಇನ್‌ನ ಆಲಮ್ನೈ ಟ್ಯಾಬ್: ಹೆಸರಿಲ್ಲದ ಕಾಲೇಜಿನವರಿಗೆ ಎಷ್ಟು ಉಪಯೋಗ?

ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪುಟ ತೆರೆದರೆ ಆಲಮ್ನೈ (ಹಳೆಯ ವಿದ್ಯಾರ್ಥಿಗಳು) ಅಂತ ಒಂದು ಟ್ಯಾಬ್ ಕಾಣುತ್ತದೆ. ಕೆಲಸ ಹುಡುಕುವವರಲ್ಲಿ ಅದನ್ನು ಒತ್ತಿ ನೋಡುವವರು ಕಡಿಮೆ. ಎಲ್ಲರೂ ನೇರ ಜಾಬ್ಸ್ ಕಡೆ ಓಡುತ್ತಾರೆ. ನನ್ನ ಕಾಲೇಜಿನ ಹೆಸರು ಕೇಳಿದರೆ ಎಚ್‌ಆರ್‌ನವರು ಸ್ಪೆಲ್ಲಿಂಗ್ ಕೇಳುತ್ತಾರೆ. ನನ್ನಂಥವರಿಗೆ ಈ ಟ್ಯಾಬೇ ಜಾಸ್ತಿ ಕೆಲಸಕ್ಕೆ ಬಂತು.

ಒಳಗೆ ಸರಳವಾಗಿದೆ. ಓದಿ ಹೋದವರು ಎಲ್ಲಿದ್ದಾರೆ, ಯಾವ ಕಂಪನಿಯಲ್ಲಿದ್ದಾರೆ, ಏನು ಕೆಲಸ ಮಾಡುತ್ತಿದ್ದಾರೆ, ಏನು ಓದಿದ್ದರು ಎಂಬುದೆಲ್ಲ ಅಡ್ಡಪಟ್ಟಿಗಳಲ್ಲಿ ಬರುತ್ತದೆ. ಒಂದು ಪಟ್ಟಿ ಒತ್ತಿದರೆ ಉಳಿದವು ಅದಕ್ಕೆ ತಕ್ಕ ಹಾಗೆ ಬದಲಾಗುತ್ತವೆ. ಮೇಲೆ ಇಸವಿ ಹಾಕುವ ಜಾಗ ಇದೆ. ಅದನ್ನು ಮರೆಯಬೇಡಿ. ಇಲ್ಲದಿದ್ದರೆ ಇಪ್ಪತ್ತು ವರ್ಷದ ಹಿಂದೆ ಓದಿದ ಮ್ಯಾನೇಜರ್‌ಗಳೂ ನಿಮ್ಮ ಬ್ಯಾಚಿನವರೂ ಒಂದೇ ಲೆಕ್ಕದಲ್ಲಿ ಸೇರಿಬಿಡುತ್ತಾರೆ.

ದೊಡ್ಡ ಕಾಲೇಜಿನ ಪುಟವನ್ನೂ ನಮ್ಮದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎದೆ ಧಸಕ್ ಎನ್ನುತ್ತದೆ. ಅವರದರಲ್ಲಿ ದೊಡ್ಡ ದೊಡ್ಡ ಕಂಪನಿಗಳು ಮೇಲಿಂದ ಕೆಳಗೆ ಸಾಲಾಗಿ ನಿಂತಿವೆ. ಆದರೆ ಇದು ಕಾಲೇಜಿನ ಮಹಿಮೆಯೋ, ಅಲ್ಲಿ ಸೇರಿದವರ ಮಹಿಮೆಯೋ? ಟ್ಯಾಬ್ ಅದನ್ನು ಹೇಳುವುದಿಲ್ಲ. ಸ್ಟೇಸಿ ಡೇಲ್ ಮತ್ತು ಆಲನ್ ಕ್ರೂಗರ್ ಎಂಬ ಸಂಶೋಧಕರು 2002ರಲ್ಲಿ ಅಮೆರಿಕದ ವಿದ್ಯಾರ್ಥಿಗಳ ಬಗ್ಗೆ ಇದನ್ನೇ ಕೆದಕಿದ್ದರು. ಒಂದೇ ಮಟ್ಟದ ಕಾಲೇಜುಗಳಲ್ಲಿ ಸೀಟು ಸಿಕ್ಕವರಲ್ಲಿ ಕೆಲವರು ಕಡಿಮೆ ಹೆಸರಿನ ಕಾಲೇಜಿಗೆ ಹೋಗಿದ್ದರು. ಅವರ ಸಂಬಳ ಹೆಚ್ಚುಕಮ್ಮಿ ಉಳಿದವರಷ್ಟೇ ಇತ್ತು. ಬಡ ಮನೆಯಿಂದ ಬಂದವರಿಗೆ ಮಾತ್ರ ಹೆಸರಿನ ಕಾಲೇಜಿನಿಂದ ಲಾಭ ಕಂಡಿತ್ತು. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಅವರ ತಂಡ 2023ರಲ್ಲಿ ಇನ್ನೊಂದು ಮುಖ ತೋರಿಸಿತು. ಅಲ್ಲಿನ ಅತಿ ಪ್ರತಿಷ್ಠಿತ ಕಾಲೇಜುಗಳಿಂದ ಸರಾಸರಿ ಸಂಬಳ ಅಷ್ಟೇನೂ ಏರುವುದಿಲ್ಲ, ಆದರೆ ತೀರಾ ಮೇಲಿನ ಕಂಪನಿಗಳ ಬಾಗಿಲು ಬೇಗ ತೆರೆಯುತ್ತದೆ. ಅಂದರೆ ಎಲ್ಲರಿಗೂ ಒಂದೇ ಉತ್ತರ ಇಲ್ಲ, ಅಲ್ವಾ?

ಹಾಗಾಗಿ ನಾನು ಹೋಲಿಸುವುದು ಬಿಟ್ಟೆ. ನಮ್ಮ ಸೀನಿಯರ್‌ಗಳು ಎಲ್ಲಿದ್ದಾರೆ ಅಂತ ಹುಡುಕತೊಡಗಿದೆ. ಒಬ್ಬರು ಟೆಸ್ಟಿಂಗ್‌ನಲ್ಲಿ ಶುರು ಮಾಡಿ ಡೇಟಾ ಕಡೆ ಹೋಗಿದ್ದರು. "ಸರ್, ನಾನೂ ನಿಮ್ಮದೇ ಕಾಲೇಜು, ನಿಮ್ಮದೇ ಬ್ರ್ಯಾಂಚ್. ಟೆಸ್ಟಿಂಗ್ ಬಿಟ್ಟು ಡೇಟಾಕ್ಕೆ ಬರುವಾಗ ಮೊದಲು ಏನು ಕಲಿತಿರಿ?" ಅಂತ ಕೇಳಿದೆ. ಕೆಲಸ ಕೊಡಿಸಿ ಅಂತ ಕೇಳಲಿಲ್ಲ. ಸಂಜೆಯೊಳಗೆ ಉದ್ದದ ಉತ್ತರ ಬಂತು. ಕೊನೆಗೆ, "ರೆಸ್ಯೂಮೆ ಕಳಿಸಿ, ನೋಡೋಣ" ಅಂತ ಅವರೇ ಬರೆದಿದ್ದರು. ಆ ರೆಸ್ಯೂಮೆ ನೋಡಿದವರು ಕಾಲೇಜು ಎಲ್ಲಿದೆ ಅಂತ ಕೇಳಲೇ ಇಲ್ಲ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲಿನ ಅಧ್ಯಯನ ಬಂದಿತ್ತು. ಆಪ್ತರಿಗಿಂತ ಹೀಗೆ ಅಲ್ಪಸ್ವಲ್ಪ ಪರಿಚಯದವರಿಂದಲೇ ಕೆಲಸ ಬದಲಾಯಿಸಲು ಹೆಚ್ಚು ಅನುಕೂಲ ಅಂತ ಅದರಲ್ಲಿತ್ತು.

ಕೊರತೆಗಳೂ ಇವೆ. ಕೆಲಸ ಸಿಗದವರು ಪ್ರೊಫೈಲ್ ಅಪ್‌ಡೇಟ್ ಮಾಡದೆ ಸುಮ್ನೆ ಇದ್ದುಬಿಡುತ್ತಾರೆ, ಆದ್ದರಿಂದ ಪಟ್ಟಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಸಂಬಳದ ಸುಳಿವೂ ಇಲ್ಲ. ಯಾವ ಕಾಲೇಜಿಗೆ ಸೇರಲಿ ಅಂತ ತೀರ್ಮಾನಿಸಲು ಇದನ್ನು ನಂಬಬೇಡಿ. ಈಗಾಗಲೇ ಡಿಗ್ರಿ ಕೈಯಲ್ಲಿದ್ದರೆ ಇವತ್ತೇ ತೆರೆಯಿರಿ, ನಿಮಗಿಂತ ಮೂರ್ನಾಲ್ಕು ವರ್ಷ ಮೊದಲು ಓದಿ ಮುಗಿಸಿದ ಬ್ಯಾಚಿನಿಂದ ಶುರು ಮಾಡಿ.