ಹಿತ್ತಾಳೆ ಅಂತ ನಂಬಿಸಿ ಬಣ್ಣ ಬಳಿದ ರೆಸಿನ್ ಕೊಟ್ಟರು! ಎಚ್‌ಒ ಪಾರ್ಟ್ಸ್ ಕೊಳ್ಳೋರು ನೋಡಿ

ನನ್ನ ಎಚ್‌ಒ (ಅಸಲಿಯ 87ರಲ್ಲಿ ಒಂದು ಪಾಲು ಅಳತೆಯ) ಡೀಸೆಲ್ ರೈಲು ಎಂಜಿನ್ ಮಾಡೆಲ್‌ಗೆ ಹ್ಯಾಂಡ್‌ರೇಲ್ ಕಂಬ (ಕೈಹಿಡಿ ತಂತಿ ತೂರೋ ಪುಟ್ಟ ಕಂಬ) 20, ಹಾರ್ನ್ 2, ಬಫರ್ (ಎಂಜಿನ್ ತುದಿಯಲ್ಲಿ ಗುದ್ದು ತಡೆಯೋ ಗುಂಡಿ) 4 ತರಿಸಿದೆ. "ಹಿತ್ತಾಳೆ ಎರಕ, ಲಾಸ್ಟ್ ವ್ಯಾಕ್ಸ್, 1:87" ಅಂತ ಮಾರುವವರು ಬರೆದಿದ್ದರು. 2,600 ರೂಪಾಯಿ, ಪೂರ್ತಿ ಮುಂಗಡ. ಬಂದದ್ದು ರೆಸಿನ್ ಪ್ರಿಂಟ್ (ಬೆಳಕಿಗೆ ಗಟ್ಟಿಯಾಗೋ ಪ್ಲಾಸ್ಟಿಕ್ ದ್ರವದ 3ಡಿ ಪ್ರಿಂಟ್), ಮೇಲೆ ಹೊಂಬಣ್ಣದ ಸ್ಪ್ರೇ. ಗೊತ್ತಾದದ್ದು ಹೇಗೆ ಅಂತ ಹೇಳೋಕೇ ನಾಚಿಕೆ.

ಪೊಟ್ಟಣ ಬಿಚ್ಚಿದಾಗಲೇ ಅಂಗೈಗೆ ಹಗುರ ಅನಿಸಿತ್ತು. ಹಿತ್ತಾಳೆ ಘನ ಸೆಂಟಿಮೀಟರಿಗೆ ಸುಮಾರು 8.5 ಗ್ರಾಂ, ರೆಸಿನ್ 1.1–1.2. ಏಳು ಪಟ್ಟು! ಚಿನ್ನ ತೂಗೋ ಪುಟ್ಟ ತಕ್ಕಡಿ ಮೇಲಿಟ್ಟಿದ್ದರೆ ಮುಗೀತಿತ್ತು. ಇಡಲಿಲ್ಲ. ಅಯಸ್ಕಾಂತ ಹಿಡಿದು, ಅಂಟಲಿಲ್ಲ, ಹಾಗಾದ್ರೆ ಹಿತ್ತಾಳೆಯೇ ಅಂದುಕೊಂಡೆ. ರೆಸಿನ್ ಕೂಡ ಅಂಟಲ್ಲ ಅನ್ನೋ ಬುದ್ಧಿ ಆಗ ಎಲ್ಲಿತ್ತೋ! ಬೆಸುಗೆ ಹಿಡಿಯೋಕೆ ಫ್ಲಕ್ಸ್ ಹಚ್ಚಿ 350 ಡಿಗ್ರಿಯ ಸೋಲ್ಡರಿಂಗ್ ಐರನ್ ಮುಟ್ಟಿಸಿದ್ದೇ ತಡ, ಸೋಲ್ಡರ್ ಹರಿಯೋ ಬದಲು ಕಂಬ ಕಪ್ಪಾಗಿ ಹೊಗೆ ಎದ್ದಿತು. ಇನ್ನೊಂದನ್ನು ಬ್ಲೇಡಿನಲ್ಲಿ ಕೆರೆದೆ. ಒಳಗೆಲ್ಲ ಬೂದು ಬಣ್ಣ.

ಮೆಸೇಜ್ ಹಾಕಿದ್ದಕ್ಕೆ ಮೊದಲ ಉತ್ತರ: "ಸರ್, ಬ್ರಾಸ್ ಫಿನಿಶ್ ಅಂತ ಅರ್ಥ." ಲಾಸ್ಟ್ ವ್ಯಾಕ್ಸ್ ಅಂದರೆ ಮೇಣದ ಮಾದರಿಯ ಸುತ್ತ ಪ್ಲಾಸ್ಟರ್ ತುಂಬಿ, ಮೇಣ ಸುಟ್ಟು ತೆಗೆದ ಜಾಗಕ್ಕೆ ಕರಗಿದ ಲೋಹ ಹೊಯ್ಯೋದು. ಅದರಲ್ಲಿ ಫಿನಿಶ್ ಎಲ್ಲಿಂದ ಬಂತು ಸ್ವಾಮಿ? ಎರಡನೆಯದು: "ರೆಸಿನ್‌ನಲ್ಲಿ ಡೀಟೇಲ್ ಇನ್ನೂ ಚೆನ್ನಾಗಿರುತ್ತೆ ಸರ್." ಮೂರನೆಯದು: "ನೀವೇ ಕಾಯಿಸಿ ಹಾಳು ಮಾಡಿದ್ದೀರಿ, ವಾಪಸ್ ಇಲ್ಲ." ಆಮೇಲೆ ಬರೀ ಬ್ಲೂ ಟಿಕ್.

ಡೀಟೇಲ್ ಮಾತು ಸುಳ್ಳಲ್ಲ, ಅದಕ್ಕೇ ಇನ್ನೂ ಉರಿಯೋದು. 0.05 ಮಿಮೀ ಪದರದ ರೆಸಿನ್ ಹಾರ್ನ್‌ಗೆ, ಅಡಿಭಾಗದ ಪೆಟ್ಟಿಗೆಗಳಿಗೆ ಧಾರಾಳ ಸಾಕು. ಕಂಬಕ್ಕಲ್ಲ! ಎಂಜಿನ್ ಎತ್ತುವಾಗ ಬೆರಳು ತಾಗೋದೇ ಅಲ್ಲಿ. 0.35 ಮಿಮೀ ತಂತಿ ತೂರಬೇಕಾದ ತೂತು ರೆಸಿನ್ ಕಟ್ಟಿಕೊಂಡು ಮುಚ್ಚಿತ್ತು. ಪಿನ್ ವೈಸ್‌ನಲ್ಲಿ (ಬೆರಳಲ್ಲಿ ತಿರುಗಿಸೋ ಪುಟ್ಟ ಡ್ರಿಲ್ ಹಿಡಿ) 0.4ರ ಡ್ರಿಲ್ ಹಾಕಿ ಐದು ಕೊರೆದೆ, ಮೂರು ಟಪ್ಪನೆ ಮುರಿದವು. ಕೆಲವು ಇನ್ನೂ ಜಿಗುಟು. ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ನೆಟ್ಟಗೆ ತೊಳೆಯದೆ, ಯುವಿಯಲ್ಲಿ ಪೂರ್ತಿ ಗಟ್ಟಿ ಮಾಡದೆ ಮೇಲೆ ಸ್ಪ್ರೇ ಹೊಡೆದಿದ್ದಾರೆ. ಅಂಥದ್ದರ ಮೇಲೆ ಬಣ್ಣ ನಿಲ್ಲುತ್ತಾ?

ಸಾಲದ್ದಕ್ಕೆ ಅಳತೆಯೂ ತಪ್ಪು. ಅಸಲಿಯಲ್ಲಿ 1 ಮೀಟರ್ ಇರೋದು 1:87ರಲ್ಲಿ 11.5 ಮಿಮೀ ಬರಬೇಕು, ಕ್ಯಾಲಿಪರ್ 13.1 ತೋರಿಸಿತು. 1:76ರ ಫೈಲನ್ನೇ ಪ್ರಿಂಟ್‌ಗೆ ಹಾಕಿದ್ದಾರೆ!

ಕಂಬಕ್ಕೆ ಹಿತ್ತಾಳೆಯೇ ಇರಲಿ. ಗ್ರ್ಯಾಬ್ ಐರನ್‌ಗೆ (ಹತ್ತುವಾಗ ಹಿಡಿಯೋ ಬಗ್ಗಿದ ಕಂಬಿ) ಯಾರಿಗೂ ದುಡ್ಡು ಕೊಡಬೇಡಿ, 0.3 ಮಿಮೀ ಫಾಸ್ಫರ್ ಬ್ರಾಂಜ್ ತಂತಿ ನೀವೇ ಬಗ್ಗಿಸಿ. ವೈಟ್ ಮೆಟಲ್ (ಬೇಗ ಕರಗೋ ಮಿಶ್ರಲೋಹ) ಬಫರ್ ಪರವಾಗಿಲ್ಲ, ಆದರೆ ಅದಕ್ಕೆ 70 ಡಿಗ್ರಿಯಲ್ಲಿ ಕರಗೋ ಸೋಲ್ಡರೇ ಬೇಕು. ಮಾಮೂಲಿ ಐರನ್ ಬಿಸಿಗೆ ಬಫರೇ ಕರಗಿ ಹೋಗುತ್ತೆ. ದುಡ್ಡು ಕಳಿಸೋ ಮೊದಲು ತಕ್ಕಡಿ ಮೇಲಿಟ್ಟ ಫೋಟೊ, ಸ್ಪ್ರೂ (ಎರಕದಲ್ಲಿ ಲೋಹ ಹರಿದ ಕಾಲುವೆಯ ತುಂಡು) ಕತ್ತರಿಸಿದ ಜಾಗದ ಫೋಟೊ ಕೇಳಿ. ಅಲ್ಲಿ ಸಪೋರ್ಟ್ (ಪ್ರಿಂಟ್ ಆಗುವಾಗ ಕೊಡೋ ಆಸರೆ ಕಡ್ಡಿ) ಕಿತ್ತ ಚುಕ್ಕೆಗಳು ಕಂಡರೆ ಅದು ಪ್ರಿಂಟ್. "ಎಲ್ಲಾ ಪ್ಯಾಕ್ ಆಗಿದೆ ಸರ್, ಈಗ ಬಿಚ್ಚೋಕಾಗಲ್ಲ" ಅಂದರೆ ಅಲ್ಲಿಗೇ ಬಿಡಿ. ನನಗೂ ಹಾಗೇ ಅಂದಿದ್ದರು.