ಕ್ಯೂರಿಂಗ್ ಅಚ್ಚುಕಟ್ಟು, ಚೀಲದ ಮೇಲೆ ಮಾತ್ರ ನಮ್ಮ ಊರಿಲ್ಲ

ಈ ಸಲ ಆಲ್ದೂರು ಸಮೀಪದ ನಮ್ಮ ತೋಟದ ಅರೇಬಿಕಾ ಪಾರ್ಚ್‌ಮೆಂಟನ್ನು (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ, ಒಳಹೊಟ್ಟು ಇನ್ನೂ ಇರುವ ಕಾಫಿ ಬೇಳೆ) ಕಣದಲ್ಲೇ ವ್ಯಾಪಾರಿಗೆ ತೂಗಿ ಕೊಡದೆ, ಸಣ್ಣ ಬೆಳೆಗಾರರ ಕಾಫಿಯನ್ನು ಸಂಸ್ಕರಿಸಿ ರಫ್ತು ಮಾಡಿಕೊಡುವ ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್‌ಗೆ ಒಪ್ಪಿಸಿದೆವು. ತಲಾ 50 ಕೆ.ಜಿ.ಯ 20 ಚೀಲಗಳು. ಅಲ್ಲಿನ ಕೆಲಸದ ಬಗ್ಗೆ ನನಗೆ ಮೆಚ್ಚುಗೆಯಿದೆ, ಒಂದು ಕೊರಗೂ ಇದೆ.

ಪ್ರತಿ ಚೀಲಕ್ಕೂ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆದು, ನಮ್ಮೆದುರಿಗೇ ತೇವಾಂಶ ನೋಡಿದರು. ಶೇ 10ಕ್ಕೆ ಒಣಗಿರಬೇಕಿದ್ದ ಪಾರ್ಚ್‌ಮೆಂಟ್ ಮೂರು ಚೀಲಗಳಲ್ಲಿ ಶೇ 12 ತೋರಿಸಿತು. ಅದನ್ನೇ ನೆಪ ಮಾಡಿಕೊಂಡು ಬೆಲೆ ಇಳಿಸದೆ, ತಮ್ಮ ಕಣದಲ್ಲಿ ಎರಡು ದಿನ ಹರವಿ ಒಣಗಿಸಿದ ಮೇಲೆ ತೂಕ ಬರೆದುಕೊಂಡರು. ಕೆಟ್ಟ ಬೇಳೆ ಹೆಕ್ಕುವ ಗಾರ್ಬ್ಲಿಂಗ್ ಮೇಜಿನ ಬಳಿ ಒಬ್ಬ ಹೆಂಗಸು ಕಾಯಿಕೊರಕ ಹುಳು ಕೊರೆದ ಬೇಳೆಯನ್ನು ಅಂಗೈಯಲ್ಲಿಟ್ಟು, ಸೂಜಿಮೊನೆಯಷ್ಟೇ ಇದ್ದ ತೂತನ್ನು ನನಗೆ ತೋರಿಸಿದರು. ಕಪ್ಪು ಬೇಳೆ, ಒಡಕು ಬೇಳೆಗಳನ್ನು ಅವರ ಬೆರಳು ಯಂತ್ರಕ್ಕಿಂತ ಸೂಕ್ಷ್ಮವಾಗಿ ಹೆಕ್ಕುತ್ತದೆ. ಕೊನೆಗೆ ಹೊಟ್ಟು ಕಳೆದು ಸಿಕ್ಕ ಬೇಳೆ, ಅಂದರೆ ಔಟ್‌ಟರ್ನ್, 805 ಕೆ.ಜಿ. ಬಂತು. ಬೇಳೆಯ ಗಾತ್ರ, ಆಕಾರ ನೋಡಿ ಎಎ, ಎ, ಬಿ, ಪಿಬಿ (ಒಂಟಿ ದುಂಡು ಬೇಳೆ) ಎಂದು ಗ್ರೇಡುವಾರು ಬರೆದ ಚೀಟಿಯನ್ನು ಅಂದೇ ಕೈಗೆ ಕೊಟ್ಟರು.

ಐರೋಪ್ಯ ಒಕ್ಕೂಟವು 2023ರಲ್ಲಿ ಒಪ್ಪಿದ ನಿಯಮದಂತೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಗೆ ಅಲ್ಲಿ ಮಾರುಕಟ್ಟೆಯಿಲ್ಲ. ಅದರ ಜಾರಿ ಮುಂದಕ್ಕೆ ಹೋಗಿದ್ದರೂ, ನಮ್ಮದು ಅಂಥ ಜಾಗವಲ್ಲ ಎಂದು ತೋರಿಸಲು ಕ್ಯೂರಿಂಗ್ ವರ್ಕ್ಸ್ ಸಿಬ್ಬಂದಿ ತೋಟಕ್ಕೇ ಬಂದು ಗಡಿಯ ಅಕ್ಷಾಂಶ ರೇಖಾಂಶಗಳನ್ನು ಗುರುತಿಸಿಕೊಂಡು ಹೋದರು. ಇದಕ್ಕೆ ಶುಲ್ಕ ಕೇಳಲಿಲ್ಲ.

ಆದರೆ ಕಪ್ಪಿಂಗ್ (ಕಾಫಿಯ ರುಚಿ ಪರೀಕ್ಷೆ) ವರದಿ ಬಂದದ್ದು ಸರಕು ಮಂಗಳೂರಿಗೆ ಹೊರಟ ಮೇಲೆ. ರುಚಿಯ ಅಂಕ ತಿಳಿಯದೆ ಬೆಲೆ ಮಾತಾಡುವ ಬಲ ಬೆಳೆಗಾರನಿಗೆ ಬರುವುದಾದರೂ ಹೇಗೆ? ಇನ್ನೂ ಹೆಚ್ಚು ನೋವಾದದ್ದು 60 ಕೆ.ಜಿ.ಯ ಸೆಣಬಿನ ಚೀಲಗಳನ್ನು ನೋಡಿದಾಗ. ಅವುಗಳ ಮೇಲೆ ದೇಶದ ಹೆಸರು, ಗ್ರೇಡು ಇವೆರಡೇ ಇದ್ದವು. ನಮ್ಮ ತಂದೆಯವರು, ಕಾಫಿ ಮಂಡಳಿ ಎಲ್ಲರ ಬೆಳೆಯನ್ನು ಒಟ್ಟುಗೂಡಿಸಿ ತಾನೇ ಮಾರುತ್ತಿದ್ದ ಪೂಲಿಗೆ ಕಾಫಿ ಕೊಡುತ್ತಿದ್ದವರು. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು, 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಕ್ಕೆ ಊರಿನ ಹೆಸರನ್ನು ಕಾನೂನಿನಡಿ ಕಾಯುವ ಭೌಗೋಳಿಕ ಸೂಚ್ಯಂಕವೂ (ಜಿಐ) ದಕ್ಕಿತು. ಇಷ್ಟಾದರೂ ನಮ್ಮ ಬೇಳೆ ಇಟಲಿಯಂತಹ ದೇಶಗಳ ಮಿಶ್ರಣಗಳಲ್ಲಿ ಹೆಸರಿಲ್ಲದೆ ಬೆರೆತುಹೋಗುವುದಾದರೆ, ಹೊರದೇಶದಲ್ಲಿ ನಮ್ಮ ಕಾಫಿಗೆ ಮಾಡುವ ಪ್ರಚಾರದ ಫಲ ಬೆಳೆದವನವರೆಗೆ ಬರುವುದಿಲ್ಲ.

ವ್ಯವಸ್ಥಾಪಕರು ತಮ್ಮ ಕಷ್ಟವನ್ನು ಮುಚ್ಚಿಡಲಿಲ್ಲ. ಒಂದು ಕಂಟೇನರಿಗೆ ಸುಮಾರು 19 ಟನ್ ಬೇಕು, ನಮ್ಮದು ಒಂದು ಟನ್ನೂ ಇಲ್ಲ, ಬೇರೆ ತೋಟಗಳ ಕಾಫಿಯೊಂದಿಗೆ ಸೇರಿಸದೆ ವಿಧಿಯಿಲ್ಲ ಎಂದರು. ಸೇರಿಸಲಿ, ಆದರೆ ಒಂದೇ ಹೋಬಳಿಯವರನ್ನು ಸೇರಿಸಲಿ, ಚೀಲದ ಮೇಲೆ ಆ ಊರನ್ನು ಬರೆಯಲಿ ಎಂದು ಕೇಳಿದ್ದೇನೆ. ಮುಂದಿನ ಕೊಯ್ಲಿಗೂ ಇಲ್ಲಿಗೇ ಕೊಡುವ ಮನಸ್ಸಿದೆ. ನಮ್ಮ ಸುತ್ತಿನ 18 ಬೆಳೆಗಾರರ ಪಟ್ಟಿಯನ್ನು ಅವರ ಮೇಜಿನ ಮೇಲಿಟ್ಟು ಬಂದು ಉತ್ತರಕ್ಕೆ ಕಾಯುತ್ತಿದ್ದೇನೆ.