ಬಿಸಿಲ ಗೋಡೆಗೆ ಎತ್ತರದ ಹೂಗಿಡ: ಕಾಬಾಳೆಯೋ, ಡೇರೆಯೋ, ಸುಗಂಧರಾಜವೋ?

ತುಮಕೂರಿನ ನಮ್ಮ ಮನೆಯ ಕಾಂಪೌಂಡ್ ಗೋಡೆಗೆ ಬೆಳಿಗ್ಗೆಯಿಂದ ಸಂಜೆವರೆಗೂ ಬಿಸಿಲು. ಅಲ್ಲಿ ಎತ್ತರದ ಹೂಗಿಡ ಬೇಕಿತ್ತು, ಪ್ರತಿ ವರ್ಷ ಬೀಜ ಹಾಕುವ ಕೆಲಸ ಬೇಡವಾಗಿತ್ತು. ಗೆಡ್ಡೆಯಿಂದ ಮತ್ತೆ ಮತ್ತೆ ಚಿಗುರುವ ಈ ಮೂರನ್ನು ಅಕ್ಕಪಕ್ಕ ಬೆಳೆಸಿ ನೋಡಿದೆ.

ಅಂದಕ್ಕೆ ಡೇರೆಯೇ ಮೊದಲು. ತೀರ್ಥಹಳ್ಳಿಯ ಚಿಕ್ಕಮ್ಮ ಕೊಟ್ಟ ಗೆಡ್ಡೆ, ಊಟದ ತಟ್ಟೆಯಗಲದ ಹೂ. ಆದರೆ ಅದಕ್ಕೆ ಮಲೆನಾಡಿನ ತಂಪು ಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಎಸಳಿನ ಅಂಚು ಸುಟ್ಟು ಹೋಗುತ್ತದೆ. ಇಲ್ಲಿ ಚಳಿಗಾಲಕ್ಕೆ ಹೂ ಬರುವ ಹಾಗೆ ನೆಡುವುದೇ ಸರಿ. ಕಾಂಡ ಟೊಳ್ಳು, ಗಾಳಿಗೆ ಮುರಿಯುತ್ತದೆ. ಗಿಡಕ್ಕೊಂದು ಕೋಲು ಕಟ್ಟಲೇಬೇಕು. ಗೆಡ್ಡೆ ಬಿಡಿಸುವಾಗ ಕುತ್ತಿಗೆಯ ಕಣ್ಣು, ಅಂದರೆ ಕಾಂಡ ಸೇರುವಲ್ಲಿ ಚಿಗುರು ಏಳುವ ಮೊಗ್ಗು, ಉಳಿಯಬೇಕು. ಕಣ್ಣಿಲ್ಲದ ಗೆಡ್ಡೆ ಎಷ್ಟೇ ದಪ್ಪ ಇದ್ದರೂ ಚಿಗುರುವುದಿಲ್ಲ.

ಸುಗಂಧರಾಜದ ದಂಟು ಮೂರಡಿ ಬರುತ್ತದೆ. ಹೂವಿಲ್ಲದಾಗ ಗಿಡ ಸುಮ್ನೆ ಹುಲ್ಲಿನ ಗುಪ್ಪೆ, ಅದೊಂದು ಕೊರತೆ. ಕತ್ತಲಾದ ಮೇಲೆ ಅದರ ಪರಿಮಳ ಬಂದರೆ ಆ ಕೊರತೆ ಮರೆತೇ ಹೋಗುತ್ತದೆ. ಸುತ್ತು ಎಸಳಿನದಕ್ಕಿಂತ ಒಂಟಿ ಎಸಳಿನದರಲ್ಲಿ ಘಮ ಜಾಸ್ತಿ, ಮಾಲೆಗೂ ಅದೇ ಚೆನ್ನ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಪ್ರಜ್ವಲ್’ ಒಂಟಿ ಎಸಳಿನ ತಳಿ. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಒಮ್ಮೆ ಹೂ ಬಿಟ್ಟ ಗೆಡ್ಡೆ ಮತ್ತೆ ಬಿಡುವುದಿಲ್ಲ, ಅದರ ಮರಿಗಳು ಬಿಡುತ್ತವೆ. ಎರಡು ಮೂರು ವರ್ಷಕ್ಕೊಮ್ಮೆ ಕಿತ್ತು ಬಿಡಿಸಿ ನೆಡದಿದ್ದರೆ ಇಕ್ಕಟ್ಟಾಗಿ ಹೂ ಕಡಿಮೆಯಾಗುತ್ತದೆ.

ಇನ್ನು ಕಾಬಾಳೆ. ಬಚ್ಚಲ ಹಿಂದಿನ ಗಿಡ ಅಂತ ಜನ ಇದನ್ನು ಕಡೆಗಣಿಸುತ್ತಾರೆ, ಅಲ್ವಾ? ನನಗೆ ಇದು ಬೇಸರದ ವಿಷಯ. ಐದಾರು ಅಡಿ ಎತ್ತರ, ಅಗಲ ಎಲೆ, ಕೋಲಿನ ಆಸರೆ ಬೇಡ. ಬಿಸಿಲು ಹೆಚ್ಚಿದಷ್ಟೂ ಹೂ. ಡೇರೆ ಬಾಡುವ ಬೇಸಿಗೆಯಲ್ಲೂ ನೀರು ಸಿಕ್ಕರೆ ಸಾಕು, ಕೆಂಪು ಹಳದಿ ಹೂ ನಿಲ್ಲುವುದೇ ಇಲ್ಲ. ಬಚ್ಚಲ ನೀರೂ ಆದೀತು. ಹೂ ಮುಗಿದ ದಂಟನ್ನು ಬುಡದಲ್ಲೇ ಕತ್ತರಿಸಿ, ಪಕ್ಕದಲ್ಲಿ ಹೊಸದು ಏಳುತ್ತದೆ. ಪರಿಮಳ ಇಲ್ಲ, ಹೂದಾನಿಯಲ್ಲಿ ಬಾಳುವುದಿಲ್ಲ, ನಿಜ. ಮಳೆಗಾಲದಲ್ಲಿ ಎಲೆ ಸುರುಳಿ ಸುತ್ತುವ ಹುಳು ಬರುತ್ತದೆ. ಸುರುಳಿ ಬಿಡಿಸಿ ಹುಳು ತೆಗೆದರೆ ಆಯಿತು.

ಗೋಡೆಯುದ್ದಕ್ಕೂ ನಾನು ಕಾಬಾಳೆಯನ್ನೇ ಉಳಿಸಿದ್ದೇನೆ, ಎರಡಡಿಗೊಂದು. ಸುಗಂಧರಾಜ ಕಿಟಕಿಯ ಕೆಳಗೆ. ಡೇರೆಗೆ ಮಧ್ಯಾಹ್ನ ನೆರಳು ಬೀಳುವ ಮೂಲೆಯಲ್ಲಿ ಕುಂಡ. ಕಾಬಾಳೆ ಗೆಡ್ಡೆಗೆ ನರ್ಸರಿಯಲ್ಲಿ ದುಡ್ಡು ಕೊಡಬೇಡಿ. ಬೆಳೆಸಿದವರ ಮನೆಯಲ್ಲಿ ಕೇಳಿ, ಬುಟ್ಟಿ ತುಂಬ ಕೊಡುತ್ತಾರೆ.